ಚಕ್ಕಡಿಯ ವಸ್ತಿ, ಟೆಂಪೋದ ವಸ್ತಿ

ಅಡಿಕೆ ಕೊಯ್ಲು ಮುಗಿದು, ಮಾಲು ಗೋದಾಮಿಗೆ ಬಂದು, ಪಟ್ಟಿಯ ಹಣ ಕೈಗೆ ಸೇರುವ ಹೊತ್ತಿಗೆ ಸಂಘದ ಕಚೇರಿಯ ಕಟ್ಟೆಯ ಮೇಲೆ ಪ್ರತಿ ವರ್ಷವೂ ಒಂದೇ ಮಾತು ಕೇಳಿಬರುತ್ತದೆ: "ಈ ಸಲ ಎತ್ತಾಗ ಹೋಗೂಣ್ರೀ?" ಕೇಳುವವರು ನಮ್ಮ ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವ ಕಡೆಯ ಎರಡೆಕರೆ ಮೂರೆಕರೆ ತೋಟದವರು. ಒಂದು ದಿನ ಹೋಗಿ ಮರುದಿನ ಬರುವ ದೇವರ ದರ್ಶನ ಇವರಿಗೆ ಸಾಕಾಗಿದೆ. ಹತ್ತಿಪ್ಪತ್ತು ದಿನ ಹೊರಬಿದ್ದು, ದಾರಿಯಲ್ಲಿ ವಸ್ತಿ ಮಾಡುತ್ತ, ಬೇರೆಯವರ ತೋಟ ಹೇಗಿದೆ ಎಂದು ಕಣ್ಣಾರೆ ನೋಡಿಬರಬೇಕೆಂಬ ಆಸೆ. ಇದುವರೆಗೆ ಎರಡು ಬಾರಿ ಇಂಥ ದೀರ್ಘ ಪ್ರವಾಸವನ್ನು ಸದಸ್ಯರೊಂದಿಗೆ ಮಾಡಿಬಂದಿದ್ದೇವೆ. ಮೊದಲನೆಯದು ಕೆಟ್ಟಿತು, ಎರಡನೆಯದು ಬಹುಮಟ್ಟಿಗೆ ಸರಿಯಾಯಿತು. ಕೆಟ್ಟದ್ದು ಏಕೆ ಕೆಟ್ಟಿತೆಂಬುದನ್ನು ಬರೆದಿಟ್ಟರೆ ಮುಂದೆ ಹೋಗುವವರಿಗೆ ಉಪಯೋಗವಾದೀತೆಂದು ಈ ಬರಹ.

ವಾರಗಟ್ಟಲೆ ಗಾಡಿಯಲ್ಲೇ ಸಂಸಾರ ಹೂಡಿ ಹೋಗುವುದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಭರತ ಹುಣ್ಣಿಮೆಯ ಆಸುಪಾಸಿನಲ್ಲಿ ನಡೆಯುವ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಧಾರವಾಡ, ಬೆಳಗಾವಿ, ಹಾವೇರಿ ಜಿಲ್ಲೆಗಳಿಂದ ಚಕ್ಕಡಿಗಳ ಸಾಲು ಹೊರಡುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿದ್ದಾರೆ. ಕೆಲವರು ಚಿಕ್ಕಂದಿನಲ್ಲಿ ಅದರೊಳಗೆ ಕುಳಿತು ಹೋದವರೂ ಇದ್ದಾರೆ. ಈಗ ಟ್ರ್ಯಾಕ್ಟರುಗಳ ಸಂಖ್ಯೆ ಹೆಚ್ಚಾಗಿದ್ದರೂ ಚಕ್ಕಡಿ ನಿಂತಿಲ್ಲ. ಕೊಲ್ಲಾರಿ ಕಟ್ಟಿದ ಗಾಡಿ, ಕೆಳಗೆ ಹುಲ್ಲು, ಅದರ ಮೇಲೆ ಕಂಬಳಿ, ಹಿಂದೆ ಕಟ್ಟಿದ ಕೊಡ, ಒಂದು ಮೂಲೆಯಲ್ಲಿ ರೊಟ್ಟಿಯ ಬುತ್ತಿ. ಹಳಿಯಾಳ, ದಾಂಡೇಲಿ ದಾಟಿ ಕಾಡಿನೊಳಗೆ ಸಾಗುವ ಈ ಪಯಣದಲ್ಲಿ ಒಂದು ಕಟ್ಟುನಿಟ್ಟಿತ್ತು. ದಿನಕ್ಕೆ ಎಷ್ಟು ದೂರವೆಂಬುದನ್ನು ಮನುಷ್ಯ ನಿರ್ಧರಿಸುತ್ತಿರಲಿಲ್ಲ, ಎತ್ತು ನಿರ್ಧರಿಸುತ್ತಿತ್ತು. ನೀರು ಮತ್ತು ನೆರಳು ಎಲ್ಲಿವೆಯೋ ಅಲ್ಲಿ ವಸ್ತಿ. ಹೊತ್ತು ಮುಳುಗುವ ಮೊದಲೇ ಕೊಳ್ಳು ಹರಿಯಬೇಕು. ಮೊದಲು ಎತ್ತಿಗೆ ನೀರು ಮೇವು, ಆಮೇಲೆ ಒಲೆ. ನಸುಕಿನಲ್ಲಿ ಎದ್ದು ಗಾಲಿಗೆ ಕೀಲೆಣ್ಣೆ ಹಾಕಿ, ಬಿಸಿಲೇರುವ ಮುನ್ನ ಅರ್ಧ ದಾರಿ. ಕಳೆದ ವರ್ಷ ಯಾವ ಹಳ್ಳದ ದಂಡೆಯಲ್ಲಿ ಇಳಿದಿದ್ದರೋ ಈ ವರ್ಷವೂ ಅಲ್ಲಿಯೇ ಇಳಿಯುವ ರೂಢಿ. ಹೀಗಾಗಿ ಆ ದಾರಿಯ ಊರವರಿಗೂ ಇವರ ಪರಿಚಯ ತಲೆಮಾರಿನದು.

ಎಂಜಿನು ಬಂದ ಮೇಲೆ ನಾವು ಕಳೆದುಕೊಂಡದ್ದು ಈ ಕಟ್ಟುನಿಟ್ಟನ್ನೇ. ಟೆಂಪೋ ದಣಿಯುವುದಿಲ್ಲವಾದ್ದರಿಂದ ಒಳಗಿದ್ದವರೂ ದಣಿಯುವುದಿಲ್ಲವೆಂದು ತಿಳಿದೆವು. ನಮ್ಮ ಮೊದಲ ಪ್ರವಾಸದಲ್ಲಿ ಹದಿನಾಲ್ಕು ಜನರಿದ್ದೆವು. ನಕಾಶೆ ಹರಡಿ, ದಿನಕ್ಕೆ 220 ಕಿ.ಮೀ. ಎಂದು ಗೆರೆ ಎಳೆದು, ಹನ್ನೆರಡು ದಿನಗಳಲ್ಲಿ ಅರ್ಧ ದಕ್ಷಿಣ ಭಾರತವನ್ನೇ ಮುಗಿಸುವ ಯೋಜನೆ ಮಾಡಿದೆವು. ಎರಡನೆಯ ದಿನವೇ ಘಟ್ಟದ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ.ಗಿಂತ ಹೆಚ್ಚು ಸಾಗಲಿಲ್ಲ. ಇಬ್ಬರಿಗೆ ವಾಂತಿ. ರಾತ್ರಿ ಹತ್ತಕ್ಕೆ ಒಂದು ಕ್ಷೇತ್ರಕ್ಕೆ ಮುಟ್ಟಿದರೆ ಅಂದು ವಿಶೇಷ ದಿನ, ಕೋಣೆಯೊಂದೂ ಖಾಲಿಯಿಲ್ಲ. ಹೆಂಗಸರು ಕುಳಿತ ಸೀಟಿನಲ್ಲೇ ಬೆಳಗು ಮಾಡಿದರು. ಗಂಡಸರು ವಾಹನ ನಿಲ್ಲಿಸುವ ಬಯಲಿನಲ್ಲಿ ಟಾರ್ಪಾಲು ಹಾಸಿ ಮಲಗಿದರು. ಐದನೆಯ ದಿನಕ್ಕೆ ಯಾರಿಗೂ ಯಾವ ತೋಟವನ್ನೂ ನೋಡುವ ಉತ್ಸಾಹ ಉಳಿದಿರಲಿಲ್ಲ. ಎಂಟನೆಯ ದಿನ ತಿರುಗಿ ಬಂದೆವು.

ಅಮೆರಿಕದಲ್ಲಿರುವ ನಮ್ಮ ಕೆಲವು ಸದಸ್ಯರ ಮಕ್ಕಳು ಅಲ್ಲಿ ಮನೆಗಾಡಿ ಬಾಡಿಗೆಗೆ ಹಿಡಿದು ತಿಂಗಳುಗಟ್ಟಲೆ ತಿರುಗುವುದುಂಟು. ಆರ್.ವಿ. ಎಂದು ಅದಕ್ಕೆ ಹೆಸರು. ಹಾಸಿಗೆ, ಅಡಿಗೆಮನೆ, ಶೌಚಾಲಯ ಎಲ್ಲವೂ ಗಾಡಿಯೊಳಗೇ. ರಾತ್ರಿ ಇಳಿಯಲು ಅಲ್ಲಿ ಬಿಡಾರದ ತಾಣಗಳಿವೆ. 1962ರಲ್ಲಿ ಮೊಂಟಾನಾ ರಾಜ್ಯದ ಬಿಲ್ಲಿಂಗ್ಸ್ ಪಟ್ಟಣದಲ್ಲಿ ಆರಂಭವಾದ ಇಂಥ ಒಂದು ತಾಣ ಮುಂದೆ ಆ ದೇಶದ ತುಂಬ ಶಾಖೆಗಳುಳ್ಳ ಸಂಸ್ಥೆಯಾಗಿ ಬೆಳೆಯಿತು. ಗಾಡಿ ನಿಲ್ಲಿಸಿದ ಜಾಗದಲ್ಲೇ ವಿದ್ಯುತ್ತು, ಕುಡಿಯುವ ನೀರು, ಮಲಿನ ನೀರು ಬಿಡುವ ಕೊಳವೆ ಎಲ್ಲವೂ ಸಿಗುತ್ತವೆ. ಆ ಜನರಲ್ಲಿ ಒಂದು ಮೂರರ ಲೆಕ್ಕ ಪ್ರಚಾರದಲ್ಲಿದೆಯಂತೆ: ದಿನಕ್ಕೆ 300 ಮೈಲಿಗೆ ಮೀರಬಾರದು, ಮಧ್ಯಾಹ್ನ 3 ಗಂಟೆಗೆ ವಸ್ತಿಯ ಜಾಗ ಮುಟ್ಟಬೇಕು, ಒಂದು ಕಡೆ 3 ರಾತ್ರಿಯಾದರೂ ಉಳಿಯಬೇಕು. ಇದನ್ನು ಕೇಳಿದಾಗ ನಮಗೆ ನಗು ಬಂತು. ಉಳವಿಗೆ ಚಕ್ಕಡಿ ಹೂಡುತ್ತಿದ್ದ ನಮ್ಮ ಹಿರಿಯರು ಇದನ್ನೇ ಎತ್ತಿನ ಲೆಕ್ಕದಲ್ಲಿ ಹೇಳುತ್ತಿದ್ದರು.

ಹಾಗಾದರೆ ನಾವೂ ಅಂಥ ಮನೆಗಾಡಿ ಮಾಡಿಸಬಹುದಲ್ಲ ಎಂದು ಸದಸ್ಯರೊಬ್ಬರು ಕೇಳಿದರು. ಅವರಲ್ಲಿ ಹಳೆಯ ಸರಕು ಟೆಂಪೋ ಒಂದಿದೆ. ಅದಕ್ಕೆ ಎರಡು ಹಲಗೆ ಬಡಿದು, ಗ್ಯಾಸ್ ಒಲೆ ಕೂಡ್ರಿಸಿದರೆ ಆಯಿತೆಂಬುದು ಅವರ ವಿಚಾರ. ಇದಕ್ಕೆ ನಮ್ಮ ಉತ್ತರ ಸ್ಪಷ್ಟವಾಗಿದೆ: ಬೇಡ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ವಾಹನದ ಮೂಲ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. ಸರಕಿನ ವಾಹನದಲ್ಲಿ ಜನರನ್ನು ಕೂಡ್ರಿಸಿದಾಗ ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ನೋಡುವುದು ನೋಂದಣಿ ಪತ್ರವನ್ನು. ಟ್ರ್ಯಾಕ್ಟರ್ ಟ್ರೇಲರಿನ ಮಾತೂ ಇದೇ. ಜಾತ್ರೆಗೆ ಹೊರಟ ಟ್ರೇಲರು ಮಗುಚಿ, ಜೀವವೂ ಹೋಗಿ, ಪರಿಹಾರವೂ ಇಲ್ಲದೆ, ಮನೆಯವರು ವರ್ಷಗಟ್ಟಲೆ ಕೋರ್ಟು ಅಲೆದ ಸಂಗತಿಗಳು ನಮ್ಮ ಸುತ್ತಮುತ್ತ ಇಲ್ಲದಿಲ್ಲ. ಪಕ್ಕದ ಮನೆಯವರ ಬಿಳಿ ನಂಬರು ಫಲಕದ ವಾಹನವನ್ನು ಬಾಡಿಗೆಗೆ ಪಡೆದರೂ ತೊಂದರೆ ಅದೇ. ನಮ್ಮ ದೇಶದಲ್ಲಿಯೂ ಕಾರವಾನ್ ಪ್ರವಾಸ ಶುರುವಾಗಿದೆ, ನಿಜ. ಕೇರಳ ಸರಕಾರ 2021ರಲ್ಲಿ ಅದಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ನಮ್ಮ ರಾಜ್ಯದಲ್ಲಿಯೂ ಅಂಥ ವಾಹನಗಳು ಬಾಡಿಗೆಗೆ ಸಿಗುತ್ತವೆ. ಆದರೆ ಅವು ನಾಲ್ಕೈದು ಜನರಿಗೆ, ಹಣವಿದ್ದವರಿಗೆ. ಅದರ ತೊಟ್ಟಿಯ ಮಲಿನ ನೀರನ್ನು ಬಿಡಲು ನಮ್ಮ ದಾರಿಗಳಲ್ಲಿ ಜಾಗವೂ ಇಲ್ಲ. ಕಂಡವರ ಗಟಾರಿಗೆ ಬಿಟ್ಟು ಬರುವುದು ಸಭ್ಯತೆಯಲ್ಲ. ನಮ್ಮಂಥವರಿಗೆ ಹಳದಿ ಫಲಕದ, ಪರವಾನಗಿಯುಳ್ಳ ಪ್ರಯಾಣಿಕ ಟೆಂಪೋ ಮತ್ತು ದಾರಿಯ ಮೇಲಿನ ಛತ್ರ ಎರಡೂ ಸೇರಿದರೆ ಅದೇ ಮನೆಗಾಡಿ.

ವಾಹನ ಗೊತ್ತು ಮಾಡುವಾಗ ಒಂದು ಸೂಕ್ಷ್ಮವಿದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಾಡಿಗೆಯವರು ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಲೆಕ್ಕ ಹಿಡಿಯುತ್ತಾರೆ. ನೀವು 80 ಕಿ.ಮೀ. ಹೋದರೂ ಹಣ 250ಕ್ಕೆ. ನಮ್ಮ ಎರಡನೆಯ ಪ್ರವಾಸ ಹದಿನೆಂಟು ದಿನಗಳದ್ದು, ಮೀಟರಿನಲ್ಲಿ ಬಂದದ್ದು 1400 ಕಿ.ಮೀ. ಚಿಲ್ಲರೆ. ದಿನದ ಲೆಕ್ಕವಾಗಿದ್ದರೆ 4500 ಕಿ.ಮೀ.ನ ಹಣ ತೆರಬೇಕಾಗುತ್ತಿತ್ತು. ಕೊಟ್ಟ ಹಣಕ್ಕೆ ಓಡಿಸಿಯೇ ತೀರಬೇಕೆಂಬ ಚಪಲದಿಂದಲೇ ಅರ್ಧದಷ್ಟು ಪ್ರವಾಸಗಳು ಹಾಳಾಗುತ್ತವೆಂದು ನಮ್ಮ ಅನಿಸಿಕೆ. ಆದ್ದರಿಂದ ಪ್ರವಾಸಕ್ಕೆ ಒಟ್ಟು ಇಷ್ಟು ದಿನ, ಸುಮಾರು ಇಷ್ಟು ಕಿ.ಮೀ., ಚಾಲಕನ ಭತ್ತೆ ಇಷ್ಟು, ಟೋಲು ಯಾರದು, ಹೊರರಾಜ್ಯದ ತೆರಿಗೆ ಯಾರದು ಎಂದು ಮೊದಲೇ ಮಾತಾಡಿ ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಗಿರಾಕಿ ಕಡಿಮೆ ಇರುವ ದಿನಗಳಲ್ಲಿ ಇಂಥ ಗುತ್ತಿಗೆಗೆ ಒಪ್ಪುವವರಿದ್ದಾರೆ. ಮೊದಲ ಸಲ ಮಾಲೀಕರೊಬ್ಬರು ಅಖಿಲ ಭಾರತ ಪ್ರವಾಸಿ ಪರವಾನಗಿ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಹೊರಟೆವು. ಗಡಿಯಲ್ಲಿ ತಡೆದಾಗ ನೋಡಿದರೆ ಅದರ ಅವಧಿ ಮುಗಿದು ಬಹಳ ದಿನವಾಗಿತ್ತು. ದಂಡ ಕಟ್ಟಿದವರು ನಾವು. ಈಗ ನೋಂದಣಿ, ವಿಮೆ, ಯೋಗ್ಯತಾ ಪತ್ರ, ಪರವಾನಗಿ, ಚಾಲಕನ ಲೈಸೆನ್ಸು ಈ ಐದು ಕಾಗದಗಳ ಪ್ರತಿಯನ್ನು ಸಂಘದ ಕಚೇರಿಯಲ್ಲಿ ಇಟ್ಟುಕೊಳ್ಳದೆ ಮುಂಗಡ ಕೊಡುವುದಿಲ್ಲ.

ರಾತ್ರಿ ಪ್ರಯಾಣದ ಬಗ್ಗೆ ಯಾರೂ ನಮ್ಮೊಡನೆ ವಾದಿಸಬಾರದು. 2024ರ ಜೂನ್ 28ರ ನಸುಕಿನಲ್ಲಿ ನಮ್ಮದೇ ಜಿಲ್ಲೆಯ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸಿನ ಹತ್ತಿರ, ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಅಪ್ಪಳಿಸಿ 13 ಜನ ತೀರಿಕೊಂಡರು. ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಗೆ ಮರಳುತ್ತಿದ್ದ ಕುಟುಂಬಗಳು, ಮಕ್ಕಳೂ ಇದ್ದರು. ಶಿಗ್ಗಾಂವದಿಂದ ಹಾವೇರಿಗೆ ಹೋಗುವಾಗ ನಮ್ಮಲ್ಲಿ ಪ್ರತಿಯೊಬ್ಬರೂ ಓಡಾಡುವ ರಸ್ತೆಯದು. ಒಂದು ರಾತ್ರಿಯ ಕೋಣೆ ಬಾಡಿಗೆ ಉಳಿಯುತ್ತದೆ, ಬೆಳಗಾಗುವಷ್ಟರಲ್ಲಿ ಊರು ಮುಟ್ಟುತ್ತೇವೆ ಎನ್ನುವವರ ಮುಂದೆ ನಾವು ಈ ಒಂದು ಘಟನೆಯನ್ನು ಹೇಳಿ ಸುಮ್ಮನಾಗುತ್ತೇವೆ. ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯಿದೆ ಚಾಲಕನಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವೆಂದೂ, ಐದು ಗಂಟೆಗಳಾದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಬೇಕೆಂದೂ ಹೇಳಿತು. ನಮ್ಮ ನಿಯಮ ಅದಕ್ಕಿಂತ ಬಿಗಿ: ಬೆಳಗಿನ ಏಳಕ್ಕೆ ಮೊದಲು ಗಾಡಿ ಕದಲದು, ಮಧ್ಯಾಹ್ನ ನಾಲ್ಕರ ಮೇಲೆ ಓಡದು. ಚಾಲಕನಿಗೆ ಮಲಗಲು ಹಾಸಿಗೆ ಕೊಡಬೇಕು. ನಾವೆಲ್ಲ ಕೋಣೆಯಲ್ಲಿ, ಅವನು ಸ್ಟಿಯರಿಂಗಿನ ಹಿಂದೆ ಕಾಲು ಮಡಚಿಕೊಂಡು ಎಂಬ ಪದ್ಧತಿ ಎಷ್ಟೋ ಕಡೆ ನಡೆಯುತ್ತದೆ. ಮೊದಲು ಎತ್ತಿಗೆ ಮೇವು ಎಂದು ಹೇಳಿದೆವಲ್ಲ. ಇಲ್ಲಿ ಮೊದಲು ಚಾಲಕನ ಊಟ, ಚಾಲಕನ ನಿದ್ದೆ.

ಇನ್ನು ಕಾಲ. ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಜೋಳ, ಹತ್ತಿಯ ಮೈದಾನದವರಿಗೆ ಸುಗ್ಗಿ ಮುಗಿಯಿತೆಂದರೆ ಹೊಲಕ್ಕೆ ಬೀಗ. ತೋಟದವರಿಗೆ ಆ ಪುಣ್ಯವಿಲ್ಲ. ಅಡಿಕೆಗೆ ನೀರಿನ ಶಿಫಾರಸು ಹೀಗಿದೆ: ನವೆಂಬರ್, ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ, ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಪ್ರತಿ ಸಲ ಗಿಡಕ್ಕೆ 175 ಲೀಟರು. ಬೇಸಿಗೆ ಏರಿದ ಮೇಲೆ ಹೊರಡುವಂತಿಲ್ಲ. ಮಳೆಗಾಲದ ಮುಂಚೆ ಬೋರ್ಡೊ ಸಿಂಪಡಣೆ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು. ಆಗ ಊರು ಬಿಟ್ಟರೆ ಕೊಳೆರೋಗಕ್ಕೆ ಬಾಗಿಲು ತೆರೆದಂತೆ. ಶರತ್ಕಾಲದಲ್ಲಿ ಕೆಂಪಡಿಕೆ ಮಾಡುವವರಿಗೆ ಕೊಯ್ಲು, ಸುಲಿತ, ಬೇಯಿಸುವ ಗಡಿಬಿಡಿ. ಹೀಗೆ ಕೂಡಿಸಿ ಕಳೆದು ನೋಡಿದರೆ ಉಳಿಯುವುದು ಜನವರಿ ಕೊನೆಯಿಂದ ಫೆಬ್ರವರಿ ಮಧ್ಯದವರೆಗಿನ ಅವಧಿ. ಅರೇಬಿಕಾ ಕಾಫಿಯವರಿಗೂ ಹಣ್ಣು ಕೊಯ್ಲು ಮುಗಿದಿರುತ್ತದೆ. ಆದರೆ ರೋಬಸ್ಟಾ ಇಟ್ಟವರಿಗೆ ಈ ಲೆಕ್ಕ ಹೊಂದದು. ಅವರಿಗೆ ಆಗ ಕೊಯ್ಲೂ ಇರುತ್ತದೆ, ಅದರ ಬೆನ್ನಿಗೇ ಹೂ ಬಿಡಿಸುವ ತುಂತುರು ನೀರಿನ ಕೆಲಸ. ಅವರು ಮಳೆ ಹಿಂದೆಗೆದ ಅಕ್ಟೋಬರಿನಲ್ಲಿ ತಮ್ಮದೇ ಬೇರೆ ಗುಂಪು ಮಾಡಿಕೊಳ್ಳುವುದು ಲೇಸು.

ಹದಿನೆಂಟು ದಿನವೆಂದರೆ ಅಡಿಕೆಗೆ ಮೂರು ಸರದಿ ನೀರು. ಈ ಮೂರು ಸರದಿಯ ಹೊಣೆಯನ್ನು ಯಾರಿಗೆ ಒಪ್ಪಿಸಿ ಹೋಗುತ್ತೀರಿ? ಮೊದಲ ಪ್ರವಾಸದಲ್ಲಿ ನಾವು, "ಡ್ರಿಪ್ ಇದೆ, ಸ್ವಿಚ್ ಒತ್ತುವುದಷ್ಟೇ ಕೆಲಸ" ಎಂದು ಹೇಳಿ ಕೂಲಿಯಾಳಿನ ಕೈಗೆ ಒಪ್ಪಿಸಿ ಹೊರಟೆವು. ಫಿಲ್ಟರು ಕಟ್ಟಿಕೊಂಡದ್ದು ಅವನಿಗೆ ತಿಳಿಯಲಿಲ್ಲ. ಮೋಟಾರು ಓಡುವ ಸದ್ದು ಕೇಳುತ್ತಿತ್ತು, ಅವನು ನಿಶ್ಚಿಂತೆಯಾಗಿದ್ದ. ಮರಳಿ ಬಂದು ನೋಡಿದರೆ ಆ ಮಳೆಗಾಲದಲ್ಲಿ ನೆಟ್ಟ ಸಸಿಗಳಲ್ಲಿ ನಲವತ್ತು ಸುಟ್ಟಂತಾಗಿದ್ದವು. ಅವನ ತಪ್ಪಲ್ಲ, ಫಿಲ್ಟರು ಬಿಚ್ಚಿ ತೊಳೆಯುವುದನ್ನು ನಾವು ಅವನಿಗೆ ತೋರಿಸಿರಲಿಲ್ಲ. ಎರಡನೆಯ ಸಲ ಬೇರೆ ಏರ್ಪಾಟು ಮಾಡಿದೆವು. ಸದಸ್ಯರನ್ನು ಎರಡು ತಂಡ ಮಾಡಿ, ಈ ವರ್ಷ ಹೋಗುವವರ ತೋಟವನ್ನು ಮುಂದಿನ ವರ್ಷ ಹೋಗುವವರು ನೋಡಿಕೊಳ್ಳಬೇಕೆಂದು ಗೊತ್ತು ಮಾಡಿದೆವು. ಹೊರಡುವ ಮೊದಲು ಒಂದು ಸರದಿ ನೀರನ್ನು ಇಬ್ಬರೂ ಕೂಡಿ ಬಿಟ್ಟು ನೋಡಬೇಕು. ಸುಟ್ಟ ಮೋಟಾರು ಕಟ್ಟಿಸುವ ಅಂಗಡಿ ಯಾವುದು, ಕರೆಂಟು ಯಾವ ಹೊತ್ತಿಗೆ ಬರುತ್ತದೆ, ದನದ ಹಾಲು ಯಾರಿಗೆ ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡಬೇಕು. ಕೂಲಿಯಾಳಿನ ಮೇಲೆ ಬಿಟ್ಟುಹೋದಾಗ ಇರುತ್ತಿದ್ದ ಚಿಂತೆ ಇಲ್ಲಿರಲಿಲ್ಲ, ಏಕೆಂದರೆ ನಾಳೆ ತನ್ನ ತೋಟವೂ ಇವನ ಕೈಯಲ್ಲೇ ಎಂಬ ಅರಿವು ಇಬ್ಬರಿಗೂ ಇತ್ತು.

ದಾರಿಯ ಬಗ್ಗೆ ಬರೆಯುವುದು ಸುಲಭ, ಆದ್ದರಿಂದ ಸಂಕ್ಷೇಪವಾಗಿ ಹೇಳುತ್ತೇವೆ. ಶಿಗ್ಗಾಂವದಿಂದ ಮುಂಡಗೋಡದ ಮೇಲೆ ಶಿರಸಿ. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘದ ವ್ಯಾಪಾರದ ಅಂಗಳವನ್ನು ಅಡಿಕೆ ಬೆಳೆಗಾರನಾದವನು ಒಮ್ಮೆಯಾದರೂ ನಿಂತು ನೋಡಬೇಕು. ಅಲ್ಲಿಂದ ಸಾಗರ. ಮಾಘದಲ್ಲಿ ಜೋಗದಲ್ಲಿ ನೀರು ಭೋರ್ಗರೆಯುವುದನ್ನು ನೋಡುವ ಆಸೆ ಇಟ್ಟುಕೊಳ್ಳಬೇಡಿ, ಬಂಡೆಗಳು ಕಾಣುತ್ತವೆ. ಮುಂದೆ ತೀರ್ಥಹಳ್ಳಿ, ಶೃಂಗೇರಿ, ಬಾಳೆಹೊನ್ನೂರು. ಬಾಳೆಹೊನ್ನೂರಿನ ಸಮೀಪದ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದು. ಅದರ ಹಿಂದೆ ದುಡಿದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಅದಕ್ಕೂ ಮೊದಲು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗದ ಮೇಲೆ ಕೆಲಸ ಮಾಡಿದ್ದವರು. ಕಾಫಿಯವರೂ ಅಡಿಕೆಯವರೂ ಒಂದೇ ಸಂಘದಲ್ಲಿರುವ ನಮ್ಮಂಥವರು ಅವರನ್ನು ನೆನೆಯುವುದು ಉಚಿತ. ಚಿಕ್ಕಮಗಳೂರು, ಮೂಡಿಗೆರೆ ಆದ ಮೇಲೆ ಚಾರ್ಮಾಡಿ ಘಟ್ಟ ಇಳಿದು ಧರ್ಮಸ್ಥಳ, ಪುತ್ತೂರು, ವಿಟ್ಲ, ಕಾಸರಗೋಡು. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರದು. ಚೀನಾ ಮೂಲದ ಮಂಗಳ ತಳಿಯನ್ನು 1972ರಲ್ಲಿ ಬೆಳೆಗಾರರಿಗೆ ಕೊಟ್ಟದ್ದು ಅಲ್ಲಿಂದಲೇ. ಕಾಸರಗೋಡಿನದು 1916ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾಗಿ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಪುತ್ತೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕ್ಯಾಂಪ್ಕೊ ಸಂಸ್ಥೆ 1986ರಲ್ಲಿ ತೆರೆದ ಚಾಕೊಲೇಟು ಕಾರ್ಖಾನೆಯಿದೆ. ಆಮೇಲೆ ಸುಳ್ಯದ ಮೇಲೆ ಮಡಿಕೇರಿ, ಚೆಟ್ಟಳ್ಳಿ, ವಯನಾಡು, ಮೈಸೂರು, ಹಾಸನ, ಶಿವಮೊಗ್ಗ, ಊರು. ವಯನಾಡಿನಿಂದ ಬಂಡೀಪುರದ ಮೂಲಕ ಬರುವ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರ ನಿಷೇಧವಿದೆ. 2009ರಿಂದ ಇದು ಜಾರಿಯಲ್ಲಿದೆ. ಕಾಡಿನ ನಡುವೆ ಗಾಡಿ ನಿಲ್ಲಿಸಿ ಒಲೆ ಹೂಡುವುದಂತೂ ಸರ್ವಥಾ ಸಲ್ಲದು. ಮಾಘದ ಒಣ ಎಲೆಗೆ ಒಂದು ಕಿಡಿ ಸಾಕು.

ಸಂಶೋಧನಾ ಕೇಂದ್ರಗಳಿಗೆ ಹೋಗುವ ಮುನ್ನ ಮೂರು ವಾರ ಮೊದಲೇ ಸಂಘದ ಕಾಗದದ ಮೇಲೆ ಪತ್ರ ಬರೆಯಬೇಕು: ಎಷ್ಟು ಜನ, ಯಾವ ದಿನ, ಏನು ತಿಳಿಯಬೇಕು. ಸುಮ್ಮನೆ ನೋಡಲು ಬಂದೆವೆಂದರೆ ನರ್ಸರಿ ತೋರಿಸಿ ಕಳಿಸುತ್ತಾರೆ. ಪ್ರಶ್ನೆಗಳನ್ನು ಬರೆದುಕೊಂಡು ಹೋದ ದಿನ ಅಧಿಕಾರಿಗಳು ಊಟದ ಹೊತ್ತು ಮರೆತು ನಮ್ಮೊಡನೆ ಕುಳಿತಿದ್ದರು. ಭಾನುವಾರ ಮತ್ತು ಸರಕಾರಿ ರಜೆಯ ದಿನಗಳನ್ನು ಪಂಚಾಂಗದಲ್ಲಿ ನೋಡಿಕೊಂಡು, ಆ ದಿನಗಳನ್ನು ಕ್ಷೇತ್ರಗಳಿಗೂ ಬಟ್ಟೆ ಒಗೆಯುವುದಕ್ಕೂ ಇಟ್ಟುಕೊಳ್ಳಬೇಕು. ಬಟ್ಟೆ ಒಗೆಯುವ ದಿನವೆಂದು ಬರೆದದ್ದಕ್ಕೆ ನಗಬೇಡಿ. ಐದಾರು ದಿನಕ್ಕೊಮ್ಮೆ ಎಲ್ಲಿಯೂ ಕದಲದ ದಿನವೊಂದು ಇರದಿದ್ದರೆ ಗುಂಪಿನಲ್ಲಿ ಜಗಳ ಹುಟ್ಟುತ್ತದೆ.

ವಸ್ತಿಗೆ ನಮ್ಮ ನಾಡಿನಲ್ಲಿ ಕೊರತೆಯಿಲ್ಲ. ಧರ್ಮಸ್ಥಳ, ಶೃಂಗೇರಿ, ಸುಬ್ರಹ್ಮಣ್ಯಗಳಲ್ಲಿ ಕ್ಷೇತ್ರದ ವಸತಿಗೃಹಗಳಿವೆ, ಅನ್ನದಾನವಿದೆ. ಹೊರನಾಡಿನ ಅನ್ನದ ಪ್ರಸಾದ ಎಲ್ಲರಿಗೂ ಗೊತ್ತೇ ಇದೆ. ಆದರೆ ಶನಿವಾರ, ಭಾನುವಾರ, ಹುಣ್ಣಿಮೆ, ಅಮಾವಾಸ್ಯೆ ತಪ್ಪಿಸಿ ವಾರದ ನಡುವೆ ಅಲ್ಲಿಗೆ ಮುಟ್ಟುವಂತೆ ದಾರಿಯನ್ನು ಹೊಂದಿಸಬೇಕು. ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರಗಳನ್ನು ನಂಬಿಕೊಳ್ಳಬಾರದು. ಹಿರಿಯ ಅಧಿಕಾರಿಯೊಬ್ಬರು ಬಂದರೆ ಕೊಟ್ಟ ಕೋಣೆಯನ್ನೂ ಬಿಡಬೇಕಾಗುತ್ತದೆ. ಎಲ್ಲ ಮತದ ಸದಸ್ಯರೂ ಜೊತೆಗಿರುವಾಗ ಎಲ್ಲರಿಗೂ ಒಪ್ಪುವ ಜಾಗವನ್ನೇ ಆರಿಸಬೇಕು. ನಮ್ಮ ಗುಂಪಿನಲ್ಲಿ ಸವಣೂರಿನ ಇಬ್ಬರು ಮುಸ್ಲಿಂ ಸದಸ್ಯರಿದ್ದರು, ಅವರಿಗಾಗಿ ಎರಡು ಕಡೆ ಪೇಟೆಯ ಸಾಧಾರಣ ಹೊಟೇಲಿನಲ್ಲಿ ಎಲ್ಲರೂ ಇಳಿದೆವು. ಅವರು ತಂದ ಸವಣೂರ ಖಾರಾ, ವೀಳ್ಯದೆಲೆ ಮೂರನೆಯ ದಿನಕ್ಕೇ ಮುಗಿದದ್ದು ಮಾತ್ರ ಎಲ್ಲರ ದುಃಖ. ಎಲ್ಲಕ್ಕಿಂತ ಸುಖವಾಗಿದ್ದ ವಸ್ತಿಗಳು ಬೆಳೆಗಾರರ ಮನೆಯ ಕಣಗಳು. ಆ ಕಡೆಯ ಸಹಕಾರಿ ಸಂಘಕ್ಕೆ ಪತ್ರ ಬರೆದರೆ, ಅಡಿಕೆ ಒಣಗಿಸುವ ಅಂಗಳವನ್ನೋ ಕಾಫಿ ಕಣವನ್ನೋ ಒಂದು ರಾತ್ರಿಗೆ ಬಿಟ್ಟುಕೊಡುವವರು ಸಿಗುತ್ತಾರೆ. ಮಾಲು ಒಣಗುತ್ತಿರುವ ಕಣವನ್ನು ಕೇಳಬಾರದು, ಅಷ್ಟೆ. ಪ್ರತಿಯಾಗಿ ಅವರು ನಮ್ಮ ಕಡೆ ಬಂದಾಗ ನಮ್ಮ ಮನೆಯ ಬಾಗಿಲು ತೆರೆದಿರಬೇಕು. ಕಳೆದ ವರ್ಷ ಹಾಗೆ ಬಂದವರನ್ನು ಶಿಶುನಾಳದ ಶರೀಫಜ್ಜನ ಗದ್ದುಗೆಗೂ, ಕನಕದಾಸರು ಹುಟ್ಟಿದ ಬಾಡಕ್ಕೂ ಕರೆದುಕೊಂಡು ಹೋದೆವು. ಎರಡೂ ನಮ್ಮ ತಾಲೂಕಿನಲ್ಲೇ ಇರುವುದು ಅವರಿಗೆ ಸೋಜಿಗವಾಗಿತ್ತು.

ಊಟದ ವಿಷಯ ಬಂದಾಗ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೊದಲ ಪ್ರವಾಸದಲ್ಲಿ ಖರ್ಚು ಉಳಿಸಲೆಂದು ಪಾತ್ರೆ, ಒಲೆ, ಹಿಟ್ಟು, ಬೇಳೆ ಎಲ್ಲವನ್ನೂ ಕಟ್ಟಿಕೊಂಡು ಹೋದೆವು. ಜೊತೆಗೆ ಬಂದಿದ್ದ ಐವರು ಹೆಂಗಸರು ದಿನಕ್ಕೆ ಎರಡು ಹೊತ್ತು ಹದಿನಾಲ್ಕು ಜನಕ್ಕೆ ಬೇಯಿಸಿದರು. ನಾವು ತೋಟ ನೋಡಿ ಬರುವಷ್ಟರಲ್ಲಿ ಅನ್ನ, ಸಾರು ಸಿದ್ಧವಾಗಿರುತ್ತಿತ್ತು, ನಮಗೆ ಏನೂ ಅನ್ನಿಸಲೂ ಇಲ್ಲ. ಆರನೆಯ ದಿನ ಹಿರಿಯ ಸದಸ್ಯರೊಬ್ಬರ ಮನೆಯವರು ಪಾತ್ರೆ ತೊಳೆಯುತ್ತ ಹೇಳಿದರು: "ನೀವು ತ್ವಾಟಾ ನೋಡಿದ್ರಿ, ನಾವು ಒಲಿ ನೋಡಿದ್ವಿ. ಊರು ಬದಲಾತು, ಒಲಿ ಬದಲಾಗ್ಲಿಲ್ಲ." ಅವರೇನೂ ಸಿಟ್ಟಿನಿಂದ ಹೇಳಲಿಲ್ಲ. ಆದರೆ ಅವರ ಮನೆಯ ತೋಟದಲ್ಲಿ ಅಡಿಕೆ ಸುಲಿಯುವುದು, ಆರಿಸುವುದು, ಸಸಿಗೆ ನೀರು ಹೊರುವುದು ಎಲ್ಲ ಅವರೇ ಎಂಬುದು ನಮಗೆ ಗೊತ್ತಿತ್ತು. ಸಂಶೋಧನಾ ಕೇಂದ್ರದಲ್ಲಿ ಕೇಳಬೇಕಾದ ಪ್ರಶ್ನೆಗಳು ನಮಗಿಂತ ಅವರಲ್ಲಿ ಹೆಚ್ಚಿದ್ದವು. ಎರಡನೆಯ ಸಲ ಅಡಿಗೆಯವರೊಬ್ಬರನ್ನು ಸಂಬಳ ಕೊಟ್ಟು ಕರೆದೊಯ್ದೆವು. ಬೆಳಗಿನ ಉಪಾಹಾರ ಹೊರಗೆ, ಮಧ್ಯಾಹ್ನ ಬುತ್ತಿ, ರಾತ್ರಿ ಮಾತ್ರ ಒಲೆ. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು ಗಂಡಸರ ಸರದಿ. ತಲೆಗೆ ಬಿದ್ದ ಖರ್ಚು ಸ್ವಲ್ಪ ಹೆಚ್ಚಾಯಿತು. ವಿಟ್ಲದಲ್ಲಿ ಅದೇ ತಾಯಿ ಸಿಂಗಾರ ಒಣಗುವ ರೋಗದ ಬಗ್ಗೆ ಅಧಿಕಾರಿಗಳನ್ನು ಅರ್ಧ ಗಂಟೆ ಬಿಡಲಿಲ್ಲ.

ಬುತ್ತಿಗೆ ನಮ್ಮ ಕಡೆಯ ಕಟಕ ರೊಟ್ಟಿಗೆ ಸಮನಾದದ್ದಿಲ್ಲ. ಜೋಳದ್ದು, ಸಜ್ಜೆಯದು ಎರಡೂ ಇರಲಿ. ಗಾಳಿಯಾಡುವ ಬುಟ್ಟಿಯಲ್ಲಿ ಬಟ್ಟೆ ಸುತ್ತಿಟ್ಟರೆ ಹದಿನೆಂಟು ದಿನವೂ ಕೆಡದು. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಒಂದಿಷ್ಟು ಅಂಟಿನುಂಡಿ. ಕರಾವಳಿಗೆ ಇಳಿದ ಮೇಲೆ ಮಾತ್ರ ಸೆಕೆಗೆ ರೊಟ್ಟಿ ಮೆತ್ತಗಾಗುತ್ತದೆ, ಆದ್ದರಿಂದ ಘಟ್ಟದ ಮೇಲೆಯೇ ಹೆಚ್ಚು ಖರ್ಚು ಮಾಡಬೇಕು. ಗ್ಯಾಸ್ ಸಿಲಿಂಡರಿನ ಬಗ್ಗೆ ಎಚ್ಚರಿಕೆ: ಓಡುವ ವಾಹನದೊಳಗೆ ಒಲೆ ಹಚ್ಚುವುದಂತೂ ದೂರವೇ ಇರಲಿ, ನಿಂತ ವಾಹನದೊಳಗೂ ಹಚ್ಚಬಾರದು. 2023ರ ಆಗಸ್ಟ್ 26ರಂದು ಮಧುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿಯೊಳಗೆ ಕದ್ದು ತಂದ ಸಿಲಿಂಡರಿನಿಂದ ಬೆಂಕಿ ಹೊತ್ತಿ 9 ಜನ ಸತ್ತರು. ಬೆಳಗಿನ ಚಹಾಕ್ಕೆಂದು ಹಚ್ಚಿದ ಒಲೆಯಂತೆ. ನಾವು ಎರಡನೆಯ ಸಲ ಸಿಲಿಂಡರನ್ನೇ ಒಯ್ಯಲಿಲ್ಲ. ಇಳಿದ ಕಡೆ ಛತ್ರದ ಒಲೆಯನ್ನೋ, ಮನೆಯವರ ಬಚ್ಚಲೊಲೆಯನ್ನೋ ಕೇಳಿ ಪಡೆದೆವು.

ಬರುವಾಗ ಗಾಡಿಯಲ್ಲಿ ಏನು ತರಬಾರದು ಎಂಬುದನ್ನು ಬೆಳೆಗಾರರಿಗೆ ಒತ್ತಿ ಹೇಳಲೇಬೇಕು. ನಮ್ಮವರ ಕೈ ಸುಮ್ಮನಿರುವುದಿಲ್ಲ. ಒಳ್ಳೆಯ ಗೊನೆ ಕಂಡರೆ ನಾಲ್ಕು ಗೋಟು ಜೇಬಿಗೆ, ಚೆಂದದ ಕಾಫಿ ಗಿಡ ಕಂಡರೆ ಒಂದು ಹಿಡಿ ಹಣ್ಣು ಚೀಲಕ್ಕೆ. ಕಾಫಿಯ ಕಾಯಿಕೊರಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರು ಕಡೆ. ಈಗ ಕಾಫಿ ನಾಡಿನಲ್ಲೆಲ್ಲ ಇದೆ. ಅದು ಹೊಸ ತೋಟಕ್ಕೆ ಬರುವುದು ಇಂಥ ಒಂದು ಹಿಡಿ ಹಣ್ಣಿನಲ್ಲಿ, ತೊಳೆಯದ ಚೀಲದಲ್ಲಿ. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ಹಳದಿ ಎಲೆ ರೋಗದಿಂದ ಅಡಿಕೆ ಕಳೆದುಕೊಂಡು ಬೇರೆ ಬೆಳೆ ಇಟ್ಟವರ ತೋಟಗಳನ್ನು ನಾವು ನೋಡಿದೆವು. ಆ ಬೆಳೆಗಾರರು ನಮ್ಮನ್ನು ತೋಟದೊಳಗೆ ನಡೆಸಿ, ಒಂದೊಂದು ಮರವನ್ನು ಹೆಸರು ಹಿಡಿದಂತೆ ತೋರಿಸಿದರು. ಯಾರೂ ಮಾತಾಡದೆ ಹೊರಗೆ ಬಂದೆವು. ಆ ತೋಟದಿಂದ ಒಂದು ಸಸಿಯನ್ನೂ ತರಬಾರದೆಂದು ಯಾರಿಗೂ ಹೇಳಬೇಕಾಗಲಿಲ್ಲ. ಸಸಿ ಬೇಕಾದವರು ಸಂಶೋಧನಾ ಕೇಂದ್ರದ ನರ್ಸರಿಯಲ್ಲಿ ರಸೀದಿ ಪಡೆದು ತರಬೇಕು. ಪ್ರತಿ ತೋಟದಿಂದ ಹೊರಬಂದಾಗ ಚಪ್ಪಲಿಯ ಕೆಸರು ತೊಳೆದು ಗಾಡಿ ಹತ್ತಬೇಕು.

ವಯಸ್ಸಾದವರ ಔಷಧಿ ಇಪ್ಪತ್ತೈದು ದಿನಕ್ಕಾಗುವಷ್ಟು ಇರಲಿ, ಅರ್ಧ ಒಬ್ಬರ ಚೀಲದಲ್ಲಿ, ಅರ್ಧ ಇನ್ನೊಬ್ಬರಲ್ಲಿ. ಹಣದ ಲೆಕ್ಕವನ್ನು ಒಬ್ಬರೇ ಇಡದೆ ಇಬ್ಬರು ಇಡಬೇಕು, ರಾತ್ರಿ ಊಟದ ಮೇಲೆ ಎಲ್ಲರೆದುರು ಓದಬೇಕು. ಸಂಘದ ಕಾರ್ಯದರ್ಶಿಯೇ ಜೊತೆಗಿದ್ದರೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ. ನಮ್ಮ ಲೆಕ್ಕದಲ್ಲಿ ಹಾಸನದಲ್ಲಿ ನೂರಾ ಹತ್ತು ರೂಪಾಯಿ ಹೊಂದಲಿಲ್ಲ, ಅದನ್ನು ನಾವೇ ತುಂಬಿದೆವು.

ಬರುವ ಮಾಘದ ಪ್ರವಾಸಕ್ಕೆ ಹದಿನಾಲ್ಕು ಜನರಿಗಷ್ಟೇ ಅವಕಾಶ. ದೀಪಾವಳಿಯೊಳಗೆ ಹೆಸರು ಕೊಡಬೇಕು; ಗಂಡ ಹೆಂಡತಿ ಕೂಡಿ ಬರುವವರಿಗೆ ಮೊದಲ ಆದ್ಯತೆ. ಅರ್ಜಿಯಲ್ಲಿ ತಮ್ಮ ಹೆಸರಿನ ಕೆಳಗೆ ತಮ್ಮ ತೋಟಕ್ಕೆ ಮೂರು ಸರದಿ ನೀರು ಬಿಡಲು ಒಪ್ಪಿದ ಸದಸ್ಯರ ಹೆಸರು, ಸಹಿ ಇರಬೇಕು. ಆ ಸಹಿ ಇಲ್ಲದ ಅರ್ಜಿಯನ್ನು ಕಚೇರಿಯಲ್ಲಿ ತೆಗೆದುಕೊಳ್ಳುವುದಿಲ್ಲ.